ಫ್ಲೆಕ್ಸಿನಲ್ಲಿ ನಿನ್ನ ಮುಖ

ಪ್ರೀತಿಯ ಅಕ್ಕಾ,

ರಾಯಲ್ಪಾಡಿನಲ್ಲಿ ಬಸ್ಸಿಳಿದಾಗ ಮೊದಲು ಎದುರಾದವಳು ನೀನೇ. ಆಳೆತ್ತರದ ಫ್ಲೆಕ್ಸ್. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಅಕ್ಷರಗಳ ಕೆಳಗೆ ನೀನು, ನಿನ್ನ ಕೆಳಗೆ ಸಾಲಾಗಿ ನಿನ್ನ ಮಗ ಮಂಜು ಮತ್ತು ಅವನ ಗೆಳೆಯರು. ಎಲ್ಲರಿಗೂ ಕೂಲಿಂಗ್ ಗ್ಲಾಸ್, ಇಸ್ತ್ರಿ ಮುರಿಯದ ಬಿಳಿ ಅಂಗಿ. ಒಬ್ಬ ಫೋನಿನಲ್ಲಿ ಮಾತಾಡುತ್ತಿದ್ದಾನೆ. ಅದೇನೂ ಹೊಸದಲ್ಲ, ನಮ್ಮ ಕಡೆ ಈಗ ಹುಟ್ಟುಹಬ್ಬಕ್ಕೂ ಸಾವಿಗೂ ಒಂದೇ ಫೋಟೋ ಸಾಕು. ನಾನು ನಿಂತುಬಿಟ್ಟದ್ದು ನಿನ್ನ ಮುಖ ನೋಡಿ. ಹಣೆಯಿಂದ ಗಲ್ಲದವರೆಗೆ ಒಂದೇ ಬಣ್ಣ. ಕಣ್ಣಿನ ಸುತ್ತ, ತುಟಿಯ ಅಂಚಿನಲ್ಲಿ ವರ್ಷಾನುಗಟ್ಟಲೆ ಹರಡುತ್ತ ಬಂದ ತೊನ್ನಿನ ಒಂದು ಮಚ್ಚೆಯೂ ಇರಲಿಲ್ಲ.

ಹೂ ಮಾರುವ ನಾರಾಯಣಮ್ಮ ಪಕ್ಕದಲ್ಲೇ ಕೂತಿದ್ದಳು. ದಿನವೂ ನಿನಗೆ ಮೊಳ ಹಾಕಿ ಹೂ ಕೊಟ್ಟವಳು. “ಎವರಯ್ಯಾ ಈ ಅಮ್ಮಾಯಿ?” ಎಂದು ತೆಲುಗಿನಲ್ಲಿ ನನ್ನನ್ನೇ ಕೇಳಿದಳು, ಈ ಹುಡುಗಿ ಯಾರಂತೆ. ಯಾರೆಂದು ಹೇಳಿದೆ. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿ, “ಕಾದು ಲೇ, ಅವ್ಳಲ್ಲ ಬಿಡು” ಎಂದಳು.

ಮುಳಬಾಗಿಲಿನ ಛತ್ರದ ಒಂದು ಮದುವೆ ನೆನಪಾಯಿತು. ನೀನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಮಿರುಗುವ ಸೀರೆ, ತಲೆ ತುಂಬ ಕನಕಾಂಬರ, ಕೆಂಪು ಲಿಪ್‌ಸ್ಟಿಕ್. ಇಷ್ಟೆಲ್ಲ ಬೇಕಿತ್ತಾ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, “ಲೇ, ಹೆಂಗೂ ಎಲ್ರೂ ನನ್ನೇ ನೋಡ್ತಾರೆ ಕಣೋ. ನೋಡೋದು ಚೆನ್ನಾಗೇ ನೋಡ್ಲಿ” ಅಂದೆ. ಅದು ಧೈರ್ಯದ ಮಾತೋ, ಸಾಕಾಗಿ ಹೋದವಳ ಮಾತೋ…

ಮನೆಗೆ ಹೋಗಿ ಮಂಜುವನ್ನು ಕೇಳಿದೆ. “ನಾನೇ ಅಂಗಡಿಯವ್ನಿಗೆ ಹೇಳಿದ್ದು ಮಾವ. ಬದುಕಿರೋವರ್ಗೂ ಜನ ಗುರಾಯಿಸಿ ನೋಡಿದ್ರು. ಈಗ್ಲಾದ್ರೂ ಬಿಡ್ಲಿ” ಅಂದ. ಬೈಯಲೆಂದೇ ಹೋಗಿದ್ದೆ. ಅದೇ ಫೋಟೋಗೆ ಫ್ರೇಮ್ ಹಾಕಿಸಿ ನಡುಮನೆಯ ಗೋಡೆಗೆ ಹಾಕುತ್ತೇನೆ ಎಂದ. ಅವನ ಪ್ರೀತಿ ಸುಳ್ಳೆಂದು ಹೇಗೆ ಹೇಳಲಿ?

ಆದರೆ ಗೋಡೆಯ ಮೇಲೆ ಆ ಮುಖ ಕೂಡದು ಎನ್ನಿಸಿದ್ದು ನಿನ್ನ ಮಗಳಿಂದಾಗಿ. ನಿನಗೆ ತಿಳಿಯದ ಸುದ್ದಿ ಇದು: ಸುಮಾಳ ತುಟಿಯ ಎಡಕ್ಕೆ ಕಡಲೆಬೇಳೆಯಷ್ಟು ಬಿಳಿ ಮೂಡಿದೆ. ನೀನು ಹೋದ ಮೇಲೆ ಕಂಡದ್ದಂತೆ. ಆ ಸಂಜೆ ನನ್ನ ಜೊತೆ ಫ್ಲೆಕ್ಸಿನ ಕೆಳಗೆ ನಿಂತು, “ಎಷ್ಟು ನೀಟಾಗಿ ತೆಗೆದಿದಾರೆ ಅಲ್ವಾ ಮಾವ” ಅಂದಳು. ಮೆಚ್ಚುಗೆಯ ದನಿ. ನನಗೆ ಹೆದರಿಕೆಯಾಯಿತು. ದಿನವೂ ಆ ನುಣುಪು ಮುಖಕ್ಕೆ ಕೈಮುಗಿಯುವವಳು ಕನ್ನಡಿಯಲ್ಲಿ ತನ್ನನ್ನು ಏನೆಂದು ನೋಡಿಕೊಂಡಾಳು?

ಮರುದಿನ ಅವಳನ್ನೂ ಕರೆದುಕೊಂಡು ಶ್ರೀನಿವಾಸಪುರದ ಸ್ಟುಡಿಯೋಗೆ ಹೋದೆ. ನನ್ನ ಫೋನಿನಲ್ಲಿದ್ದ, ಮುಳಬಾಗಿಲಿನ ಆ ಮದುವೆಯಲ್ಲಿ ತೆಗೆದ ನಿನ್ನ ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಅಲ್ಲಿನವನು, “ಸಾರ್, ಫೇಸ್ ಡ್ಯಾಮೇಜ್ ಆಗೈತೆ. ಕ್ಲೀನ್ ಮಾಡ್ಬಿಡ್ಲಾ?” ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಾ, “ಡ್ಯಾಮೇಜ್ ಏನಿಲ್ಲ. ನಮ್ಮಮ್ಮ ಇದ್ದಿದ್ದೇ ಹಂಗೆ. ಹಂಗೇ ಹಾಕಿ” ಅಂದಳು. ಅವನು ಅವಳ ತುಟಿಯ ಪಕ್ಕ ನೋಡಿ, ಇದ್ದಂತೆಯೇ ಪ್ರಿಂಟ್ ತೆಗೆದು ಫ್ರೇಮ್ ಹಾಕಿಕೊಟ್ಟ.

ಈ ಕಾಗದವನ್ನು ಇಷ್ಟಕ್ಕೆ ನಿಲ್ಲಿಸಿದ್ದರೆ ನಿನಗೆ ಸಮಾಧಾನವಾಗುತ್ತಿತ್ತೇನೋ. ವಾಪಸು ಬರುವ ಬಸ್ಸಿನಲ್ಲಿ, ಪೇಪರ್ ಸುತ್ತಿದ ಫ್ರೇಮನ್ನು ಮಡಿಲಲ್ಲಿಟ್ಟುಕೊಂಡೇ ಸುಮಾ ಸೆಲ್ಫಿ ತೆಗೆದುಕೊಳ್ಳತೊಡಗಿದಳು. ಕೂದಲು ಸರಿಮಾಡಿಕೊಂಡು, ಕತ್ತು ಓರೆಮಾಡಿ, ಮತ್ತೆ ಮತ್ತೆ. ಪ್ರತಿಸಲವೂ ಬಲಗೆನ್ನೆಯೇ. ಬಸ್ಸು ಕುಲುಕಿ ಒಂದರಲ್ಲಿ ಎಡಗಡೆಯೂ ಬಂತು. ಅದನ್ನು ತುಂಬ ಹೊತ್ತು ನೋಡಿದಳು. ಅಳಿಸಲಿಲ್ಲ, ಯಾರಿಗೂ ಕಳಿಸಲೂ ಇಲ್ಲ. ಫೋನನ್ನು ಬೋರಲಾಗಿ ನಿನ್ನ ಫ್ರೇಮಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು.

ನಿನ್ನ ತಮ್ಮ