ಐದು ಹತ್ತಕ್ಕೆ ಹೊರಡುವವಳ ಪಾಲು

ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು
ಭಾನುವಾರ, ಮಾರ್ಚ್ ೯, ಬೆಳಿಗ್ಗೆ

ಪ್ರೀತಿಯ ಕೂಸೇ,

ನಿನ್ನ ಕೆಮ್ಮು ಹೇಗಿದೆ? ಕಳೆದ ಸಲ ಫೋನಿನಲ್ಲಿ ‘ಏನಿಲ್ಲಪ್ಪ, ಸ್ವಲ್ಪ ಗಂಟಲು’ ಎಂದೆ. ಆ ಸ್ವಲ್ಪದ ನಡುವೆ ಮೂರು ಸಲ ಕೆಮ್ಮಿದ್ದನ್ನು ನಾನು ಎಣಿಸಿದ್ದೇನೆ. ಬಿಸಿನೀರು ಕುಡಿ. ಇಲ್ಲಿ ನಾನು ಆರೋಗ್ಯವಾಗಿದ್ದೇನೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತದೆ. ಫೋನಿರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾವಿಬ್ಬರೂ ‘ಚೆನ್ನಾಗಿದ್ದೀನಿ’ ಎಂದು ಹೇಳಿ ಮುಗಿಸಿಬಿಡುತ್ತೇವೆ. ಅಮ್ಮ ಹೋದಾಗಿನಿಂದ, ಈ ಎಂಟು ತಿಂಗಳೂ ಅದೇ ನಡೆದಿದೆ. ಏಳನೇ ತರಗತಿವರೆಗೆ ಓದಿ, ಉಳಿದ ಆಯಸ್ಸೆಲ್ಲ ಬೇರೆಯವರು ಬರೆದ ಪುಸ್ತಕಗಳಿಗೆ ರಟ್ಟು ಹಾಕಿದವನು ನಾನು. ಆದರೂ ಬಾಯಿಗಿಂತ ನನಗೆ ಪೆನ್ನೇ ವಾಸಿ.

ಈಗ ಸುದ್ದಿ. ನಿಮ್ಮಪ್ಪ ಕಳ್ಳರನ್ನು ಹಿಡಿಯಲು ಹೋಗಿ ತಾನೇ ಸಿಕ್ಕಿಬಿದ್ದಿದ್ದಾನೆ.

ನೆಲಮಾಳಿಗೆಯ ಗೋಡೆಯ ಮೇಲಿನ ಹಸಿರು ಪೆಟ್ಟಿಗೆ ನಿನಗೆ ನೆನಪಿರಬೇಕು. ಅಮ್ಮನ ಫೋನಿಗೆ ಅದನ್ನು ಜೋಡಿಸಿಕೊಟ್ಟವಳೇ ನೀನು. ನಮ್ಮ ಕಟ್ಟಡದಲ್ಲಿ ಈಗ ಬ್ಯಾಟರಿ ಕಾರುಗಳು ಒಂಬತ್ತು. ಎಲ್ಲವೂ ಒಟ್ಟಿಗೆ ಚಾರ್ಜಿಗೆ ನಿಂತರೆ ಫ್ಯೂಸು ಹಾರಿ, ಲಿಫ್ಟಿನಲ್ಲಿದ್ದವರು ಅಲ್ಲೇ ಸಂಸಾರ ಹೂಡಬೇಕಾಗುತ್ತದೆ. ಅದಕ್ಕೇ ಈ ಪೆಟ್ಟಿಗೆ. ಸಂಜೆ ಬಂದು ವೈರು ಸಿಕ್ಕಿಸಿ, ‘ನಾಳೆ ಎಷ್ಟು ಗಂಟೆಗೆ ಹೊರಡುತ್ತೀರಿ’ ಎಂಬ ಅದರ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಒತ್ತಿದರೆ ಆಯಿತು. ಬೇಗ ಹೊರಡುವವರಿಗೆ ಮೊದಲು, ನಿಧಾನದವರಿಗೆ ಆಮೇಲೆ ಎಂದು, ದೊಡ್ಡ ಸಂಸಾರದಲ್ಲಿ ಹಿರಿಸೊಸೆ ಬಡಿಸಿದಂತೆ, ಇರುವ ಕರೆಂಟನ್ನು ಅದೇ ಹಂಚುತ್ತದೆ. ಬಹಳ ಬುದ್ಧಿವಂತ ಪೆಟ್ಟಿಗೆ. ದೋಷ ಒಂದೇ, ಹೇಳಿದ್ದನ್ನೆಲ್ಲ ನಂಬುತ್ತದೆ.

ಚಳಿಗಾಲದ ಹೊತ್ತಿಗೆ ಕಟ್ಟಡದವರು ನನ್ನನ್ನು ಚಾರ್ಜಿಂಗ್ ಕಾರ್ಯದರ್ಶಿ ಮಾಡಿದರು. ಕಾರು ಓಡಿಸಲು ಬಾರದವನು, ಆದ್ದರಿಂದ ಯಾರ ಪಕ್ಷವೂ ಅಲ್ಲ ಎಂಬುದು ಅವರು ಕೊಟ್ಟ ಕಾರಣ. ಸುಮ್ಮನೆ ಕೂತು ಗೋಡೆ ನೋಡದಿರಲಿ ಎಂಬುದು ನಿಜವಾದ ಕಾರಣ. ಅದು ನನಗೂ ಗೊತ್ತಿತ್ತು, ಹೇಳಲಿಲ್ಲ. ಹೀಗಿರುವಾಗ ಕಳೆದ ತಿಂಗಳು ಒಂದು ಮಂಗಳವಾರ ನೆಲಮಹಡಿಯ ಟ್ಯಾಕ್ಸಿಯವಳು ಬಾಗಿಲಿಗೆ ಬಂದಳು. ಅವಳು ದಿನಾ ಬೆಳಿಗ್ಗೆ ಡಯಾಲಿಸಿಸ್ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಅವತ್ತು ಕಾರು ಸೇತುವೆಯ ಮೇಲೆ ಉಸಿರು ಬಿಟ್ಟಿತಂತೆ, ಹಿಂದಿನ ಸೀಟಿನಲ್ಲಿ ಎಂಬತ್ತರ ಮುದುಕರು. ಇನ್ನೊಂದು ಸಲ ಹೀಗಾದರೆ ಆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಅವಳು ದೂರನ್ನೂ ಹೇಳಲಿಲ್ಲ ನೋಡು. ‘ಪೆಟ್ಟಿಗೆಗೆ ಮೈಗೆ ಹುಷಾರಿಲ್ವೇನೋ ನೋಡ್ತೀರಾ ಅಣ್ಣ’ ಎಂದು ಕೇಳಿ ಹೋದಳು.

ಆ ವಾರ ವೈರು ಸಿಕ್ಕಿಸಿದವರ ಪಟ್ಟಿ ತೆಗೆಸಿ ನೋಡಿದೆ. ಮೂರನೇ ಮಹಡಿಯ ಹೆಡ್‌ಮಾಸ್ತರರು, ನಿವೃತ್ತರಾಗಿ ಹನ್ನೊಂದು ವರ್ಷವಾದವರು, ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತಾರೆ. ಹೊಸದಾಗಿ ಮದುವೆಯಾದ ಜೋಡಿ ಮೂರೂ ಮುಕ್ಕಾಲಿಗೆ. ಹಲ್ಲಿನ ಡಾಕ್ಟರಮ್ಮ ಮೂರೂವರೆಗೆ. ವಿಮೆಯವನು ಮೂರೂ ಕಾಲಿಗೆ, ಅಷ್ಟು ಹೊತ್ತಿನಲ್ಲಿ ಯಾರ ಜೀವಕ್ಕೆ ವಿಮೆ ಮಾಡಿಸಲು ಹೋಗುತ್ತಾನೋ. ಇದೇನು ಮನೆಗಳ ಕಟ್ಟಡವೋ ಹಾಲಿನ ಡೈರಿಯೋ ಎನ್ನಿಸಿತು. ಎಲ್ಲರೂ ನಾಲ್ಕರೊಳಗೆ ಹೊರಡುವವರೇ ಆದ್ದರಿಂದ ಪೆಟ್ಟಿಗೆ ಪಾಪ ಎಲ್ಲರಿಗೂ ಒಂದೊಂದು ಚಮಚ ಹಾಕುತ್ತಿತ್ತು. ಐದೂವರೆ ಎಂದು ನಿಜ ಹೇಳಿದ ಟ್ಯಾಕ್ಸಿಯವಳಿಗೆ ಪಾತ್ರೆಯ ತಳ ಕೆರೆದದ್ದು.

ನನಗೆ ಎಲ್ಲಿಲ್ಲದ ಆವೇಶ ಬಂತು. ಡೈರಿ, ಮಫ್ಲರು, ಮಡಚುವ ಕುರ್ಚಿ ಹಿಡಿದು ನಾಲ್ಕು ದಿನ ಬೆಳಿಗ್ಗೆ ಗೇಟಿನ ಬಳಿ ಕೂತೆ. ಯಾರು ನಿಜವಾಗಿ ಎಷ್ಟು ಗಂಟೆಗೆ ಹೊರಡುತ್ತಾರೆಂದು ನಿಮಿಷ ಸಮೇತ ಬರೆದುಕೊಂಡೆ. ಟ್ಯಾಕ್ಸಿಯವಳನ್ನು ಬಿಟ್ಟರೆ ಏಳೂವರೆಯವರೆಗೆ ಗೇಟು ದಾಟಿದ್ದು ಒಂದು ಬೆಕ್ಕು. ಹೆಡ್‌ಮಾಸ್ತರರು ಹತ್ತೂ ಹತ್ತಕ್ಕೆ ಛತ್ರಿ ಹಿಡಿದು ಇಳಿದರು. ನಡೆದೇ ಹೋಗಿ, ನಡೆದೇ ಬಂದರು, ಕಾರು ಮುಟ್ಟಲೇ ಇಲ್ಲ. ನಾನು ಲಿಫ್ಟಿನಲ್ಲಿ ಕಾಗದ ಅಂಟಿಸಿದೆ: ‘ಪೆಟ್ಟಿಗೆಗೆ ಸುಳ್ಳು ಹೇಳುವವರು ಯಾರೆಂದು ಕಾರ್ಯದರ್ಶಿಗೆ ಗೊತ್ತಿದೆ.’ ಮರುದಿನ ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ‘ಗೊತ್ತಿಲ್ಲ.’ ದುಂಡಾದ ಅಕ್ಷರ, ನೇರ ಸಾಲು. ಮಾಸ್ತರರದೇ ಎಂದು ರಟ್ಟು ಹಾಕಿ ಪಳಗಿದ ಕಣ್ಣಿಗೆ ತಿಳಿಯದೇ? ಇಷ್ಟು ವಯಸ್ಸಾಗಿ ಎಂಥ ಭಂಡತನ ಎಂದುಕೊಂಡೆ.

ಹೋದ ಶನಿವಾರ, ಅಂದರೆ ಎಂಟು ದಿನದ ಹಿಂದೆ, ಮಧ್ಯಾಹ್ನ ನೆಲಮಾಳಿಗೆಯಲ್ಲಿ ಸಭೆ ಕರೆದೆ. ಪೆಟ್ಟಿಗೆ ಕಂಪನಿಯ ರಿಪೇರಿ ಹುಡುಗಿಯೂ ಬಂದಿದ್ದಳು. ನಾನು ಕನ್ನಡಕ ಒರೆಸಿಕೊಂಡು ಡೈರಿಯನ್ನು ಮೊದಲಿನಿಂದ ಓದಿದೆ, ಬೆಕ್ಕನ್ನೂ ಬಿಡದೆ. ಎಲ್ಲರೂ ತಲೆ ತಗ್ಗಿಸಿ ನಿಂತರು. ಒಬ್ಬರೂ ವಾದ ಮಾಡಲಿಲ್ಲ. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಆ ಹುಡುಗಿ ತನ್ನ ಕಂಪ್ಯೂಟರು ನೋಡುತ್ತ, ‘ಸುಳ್ಳು ಆಮೇಲಿನ ಮಾತು ಸರ್, ಈ ಮೊದಲನೇ ಹೆಸರು ಯಾರ್ದು? ದಿನಾ ಐದು ಹತ್ತಕ್ಕೆ ಹೊರಡೋರು, ತುರ್ತು ಸೇವೆ ಅಂತ ಗುರುತಿದೆ. ಎಂಟು ತಿಂಗಳಿಂದ ಒಂದಿನಾನೂ ವೈರು ಸಿಕ್ಕಿಸಿಲ್ಲ. ಆದ್ರೂ ಇಡೀ ಕಟ್ಟಡದ ಕಾಲು ಭಾಗ ಕರೆಂಟು ದಿನಾ ಅವರಿಗೇ ಎತ್ತಿಟ್ಟಿದೆ’ ಎಂದಳು.

ಹೆರಿಗೆ ವಾರ್ಡಿನ ನರ್ಸು, ನಿಮ್ಮಮ್ಮ. ಐದು ಹತ್ತಕ್ಕೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ‘ಚಿಲಕ ಹಾಕ್ಕೊಂಡು ಮಲಗಿ’ ಎಂದು ಪಿಸುಗುಡುತ್ತಿದ್ದವಳು. ಮುಸುಕು ಹೊದ್ದ ಕಾರು ಅಲ್ಲೇ ಮೂಲೆಯಲ್ಲಿತ್ತು. ಯಾರೂ ಆ ಕಡೆ ನೋಡಲಿಲ್ಲ, ಎಷ್ಟು ಪ್ರಯತ್ನಪಟ್ಟು ನೋಡಲಿಲ್ಲವೆಂದರೆ ಆಗಲೇ ನನಗೆ ಅರ್ಥವಾಯಿತು. ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡು, ‘ಅದು ಹಾಗೇ ಇರ್ಲಿ ಬಿಡಮ್ಮ, ಮುಂದಿಂದು ಓದು’ ಎಂದರು.

ಎಲ್ಲರಿಗೂ ಗೊತ್ತಿತ್ತಂತೆ ಕೂಸೇ. ಅಮ್ಮ ಹೋದ ಮುಂದಿನ ತಿಂಗಳೇ ಕರೆಂಟು ಸಾಲದೆ ಬಂದಾಗ ಇವರೆಲ್ಲ ಮಾಸ್ತರರ ಮನೆಯಲ್ಲಿ ಸೇರಿದ್ದರು. ಆ ಹೆಸರು ತೆಗೆಯಿರಿ ಎಂದು ನನಗೆ ಯಾರು ಹೇಳುವುದು? ಡಾಕ್ಟರಮ್ಮ ನನ್ನಿಂದಾಗದು ಎಂದರಂತೆ, ವಿಮೆಯವನು ಸಾವಿನ ಮಾತು ನನಗೆ ಬೇಡ ಎಂದನಂತೆ. ಕೊನೆಗೆ ಯಾರೂ ಹೇಳದೆ, ಒಬ್ಬೊಬ್ಬರೂ ಹೊರಡುವ ಹೊತ್ತನ್ನು ಚೂರು ಹಿಂದಕ್ಕೆ ಹಾಕಿ ಹೊಂದಿಸಿಕೊಳ್ಳುವುದೆಂದು ಒಪ್ಪಂದವಾಯಿತು. ಕಾಲು ಗಂಟೆ ಹಿಂದಕ್ಕೆ ಹಾಕಿದವರು ಪಕ್ಕದವರು ಅರ್ಧ ಗಂಟೆ ಹಾಕಿದ್ದು ಕಂಡು ಮುಕ್ಕಾಲು ಹಾಕಿದರು. ಹೀಗೆ ದಯೆಯಿಂದ ಶುರುವಾದದ್ದು ಪೈಪೋಟಿಯಾಗಿ ಮೂರೂ ಕಾಲಿಗೆ ಬಂದು ನಿಂತಿತು. ನಾನು ನಾಲ್ಕು ದಿನ ಚಳಿಯಲ್ಲಿ ಕೂತು ಹಿಡಿದದ್ದು ಈ ಕಳ್ಳರನ್ನು. ಟ್ಯಾಕ್ಸಿಯವಳನ್ನು ನೀನೂ ಒಂದು ಸುಳ್ಳು ಹೇಳಬಾರದಿತ್ತೇ, ನನಗಾದರೂ ಹೇಳಬಾರದಿತ್ತೇ ಎಂದು ಕೇಳಿದೆ. ‘ನನ್ ಮಗೂನ ಎತ್ತಿಕೊಂಡ ಮೊದಲ್ನೇ ಕೈ ಅಕ್ಕಂದು. ಅವ್ರ ಪಾಲು ಕೇಳೋಕೆ ಬಾಯಿ ಬರ್ಲಿಲ್ಲ ಅಣ್ಣ’ ಎಂದಳು.

ನಾನು ಡೈರಿ ಮುಚ್ಚಿದೆ. ನೋಟಿಸಿನ ಕೆಳಗೆ ಬರೆದದ್ದು ಸರಿಯಾಗಿಯೇ ಇತ್ತು ಮಾಸ್ತರರೇ ಎಂದೆ. ಎಲ್ಲರೂ ನಕ್ಕರು. ಡಾಕ್ಟರಮ್ಮ ನಗುತ್ತಲೇ ಮೂಗು ಒರೆಸಿಕೊಂಡರು. ಅಂದಿನಿಂದ ಎಲ್ಲರೂ ನಿಜವಾದ ಹೊತ್ತನ್ನೇ ಒತ್ತುತ್ತಿದ್ದಾರೆ. ಟ್ಯಾಕ್ಸಿಯವಳಿಗೆ ಹೇಗೋ ಸಾಲುವಷ್ಟು ಸಿಗುತ್ತಿದೆ, ಸೇತುವೆ ದಾಟುತ್ತಾಳೆ, ಆದರೆ ಎದೆ ಹಿಡಿದುಕೊಂಡು. ಆ ಕಾಲು ಭಾಗ ಬಿಟ್ಟುಕೊಡಬೇಕು. ರಿಪೇರಿ ಹುಡುಗಿ ಅಲ್ಲೇ ಹೆಸರು ತೆಗೆಯಲು ಹೊರಟಿದ್ದಳು, ನಾನೇ ಒಂದು ವಾರ ಕೊಡಿ ಎಂದು ಕೇಳಿಕೊಂಡೆ. ಆ ವಾರ ನಿನ್ನೆಗೆ ಮುಗಿಯಿತು.

ಅಮ್ಮನ ಫೋನು ಬೀರುವಿನಲ್ಲೇ ಇದೆ. ವಾರಕ್ಕೊಮ್ಮೆ ಚಾರ್ಜು ಮಾಡಿಡುತ್ತೇನೆ, ಯಾಕೆಂದು ಕೇಳಬೇಡ. ಬೆಳಿಗ್ಗೆ ತೆರೆದು ನೋಡಿದೆ. ಹೆಸರು ತೆಗೆಯಬೇಕೆಂದರೆ ಅದು ಕಾರಣ ಕೇಳುತ್ತದೆ: ಕಾರು ಮಾರಿದ್ದೀರಾ, ಮನೆ ಬದಲಾಯಿಸಿದ್ದೀರಾ, ಇತರೆ. ಮೂವತ್ತೊಂದು ವರ್ಷ ಜೊತೆಗಿದ್ದವಳನ್ನು ‘ಇತರೆ’ ಎಂದು ಒತ್ತಲು ಬೆರಳು ಬರಲಿಲ್ಲ. ಎಂಟು ತಿಂಗಳು ಅವಳು ಬರಲಿಲ್ಲವೆಂದು ಆ ಪೆಟ್ಟಿಗೆ ಒಂದು ದಿನವೂ ಬೇಸರಿಸದೆ ಪಾಲು ಮುಚ್ಚಿಟ್ಟು ಕಾದಿದೆ. ಅದನ್ನು ಬೈಯುವುದಕ್ಕೆ ನಾನ್ಯಾರು.

ನಿನ್ನ ಮನೆಯೊಡತಿಗೆ ನನ್ನ ನಮಸ್ಕಾರ ತಿಳಿಸು. ಬಿಸಿನೀರು ಮರೆಯಬೇಡ. ನಿನ್ನ ಕೆಲಸ, ನಿದ್ದೆ, ನಗು ಎಲ್ಲ ನೆಟ್ಟಗಿರಲಿ ಎಂದು ಹರಸುವ,

ನಿನ್ನ ಅಪ್ಪ
(ಮಾಜಿ ಪತ್ತೇದಾರ)

ತಾ.ಕ.: ಲಕೋಟೆಗೆ ಅಂಟು ಹಾಕುವ ಮೊದಲು ಕೆಳಗೆ ಹೋಗಿ ಬಂದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೆಸರು ತೆಗೆಯಲಿಲ್ಲ. ಆ ‘ಇತರೆ’ಯ ಕೆಳಗೆ ‘ಚಾಲಕರ ಬದಲಾವಣೆ’ ಎಂದೊಂದು ಇತ್ತು, ಅದನ್ನು ಒತ್ತಿ ನನ್ನ ಹೆಸರು ಹಾಕಿದೆ. ತುರ್ತು ಸೇವೆಯ ಗುರುತು ಅಳಿಸಿದೆ, ಆ ಕಾಲು ಭಾಗ ಟ್ಯಾಕ್ಸಿಯವಳಿಗಾಯಿತು. ಕಾರಿಗೆ ವೈರನ್ನೂ ಸಿಕ್ಕಿಸಿದೆ. ಈ ವಾರವೆಲ್ಲ ಟ್ಯಾಕ್ಸಿಯವಳೇ ತನ್ನ ಕಾರಿನಲ್ಲಿ ನನಗೆ ಓಡಿಸುವುದನ್ನು ಕಲಿಸುತ್ತಿದ್ದಾಳೆ, ಹಿಂದಿನ ಸೀಟಿನಲ್ಲಿ ಮಾಸ್ತರರು ಛತ್ರಿ ಅಪ್ಪಿಕೊಂಡು ಕೂತಿರುತ್ತಾರೆ. ‘ನಿಮ್ಮ ಕೈಗೆ ಅಂಟಿನ ಡಬ್ಬಿ ಕೊಡ್ಬೇಕು, ಸ್ಟೀರಿಂಗ್ ಅಲ್ಲ’ ಎನ್ನುತ್ತಿದ್ದಳು ನಿಮ್ಮಮ್ಮ. ಪರೀಕ್ಷೆ ಬರುವ ತಿಂಗಳ ಮೊದಲ ಗುರುವಾರ. ಈಗ ಪೆಟ್ಟಿಗೆ ನನ್ನನ್ನು ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಕೇಳುತ್ತಿದೆ, ಉತ್ತರ ನಿನ್ನ ಹತ್ತಿರ ಇದೆ. ಅಮ್ಮನಿಲ್ಲದ ಮನೆಗೆ ಹೇಗೆ ಬರಲಿ ಎಂದು ನೀನು ಫೋನಿನಲ್ಲಿ ಹೇಳದೆ ಬಿಟ್ಟದ್ದು ನನಗೆ ಕೇಳಿಸಿದೆ. ನಾನೂ ಹಾಗೇ ದಿನಾ ಬರುತ್ತಿದ್ದೇನೆ, ಬರಬಹುದು. ಗುರುವಾರದ ನಂತರ ಯಾವ ದಿನ, ನಿನ್ನ ರೈಲು ಎಷ್ಟು ಹೊತ್ತಿಗೆ ಎಂದು ನಿಜ ಬರೆ. ನಿಲ್ದಾಣದ ಹೊರಗೆ ದೀಪದ ಕಂಬದ ಹತ್ತಿರ, ರಸ್ತೆಗೆ ಮುಖ ಮಾಡಿ ನಿಲ್ಲಿಸಿರುತ್ತೇನೆ. ಹಿಂದಕ್ಕೆ ತೆಗೆಯುವುದು ನನಗೆ ಇನ್ನೂ ಬಂದಿಲ್ಲ.