ಎತ್ತಬೇಕಾದ್ದು ಒಂದೇ ಕೈ

ಮಂಗಳವಾರ, ಅಕ್ಟೋಬರ್ 14, ಶಿಕಾಗೊ

ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಲೋಹ ಹುಡುಕುವ ಯಂತ್ರ ನನ್ನ ಊಟವನ್ನು ಹಿಡಿದುಹಾಕಿತು. ಜೋಳದ ಬ್ರೆಡ್ಡಿಗೆ ಸುತ್ತಿದ ಅಲ್ಯೂಮಿನಿಯಂ ಹಾಳೆಯೇ ಅಪರಾಧಿ.

"ಮಿಸ್, ಈ ಬ್ರೆಡ್ಡಲ್ಲಿ ಹೊಡೆದ್ರೆ ತಲೆ ಒಡೆಯತ್ತೆ. ಇದೂ ಆಯುಧಾನೇ," ಅಂದ ಪೊಲೀಸ್ ಟಾಲಿವರ್. ಸಿಟ್ಟಾಗೋಣವೆಂದರೆ, ಹೋದ ವರ್ಷ ಹುಡುಗನೊಬ್ಬನ ಚೀಲದಿಂದ ಪಿಸ್ತೂಲು ತೆಗೆದವನೂ ಅವನೇ.

ಯಂತ್ರ, ಪೊಲೀಸು ಶಾಲೆಯಲ್ಲಿ ಇರಬೇಕೋ ಬೇಡವೋ, ನಾಳೆ ಶಾಲಾ ಸಮಿತಿಯಲ್ಲಿ ಕೈ ಎತ್ತಿ ಮತ. ಅರ್ಧ ಜನ ಬೇಕು, ಅರ್ಧ ಜನ ಬೇಡ, ಉಳಿದವಳು ನಾನು. ಇಂಥ ಘನಕಾರ್ಯಕ್ಕೆ ಭೂಗೋಳದ ಟೀಚರೇ ಬೇಕಿತ್ತೇ? ಪಿಸ್ತೂಲು ನೆನೆದು, ಇರಲಿ ಅನ್ನೋಣ ಅಂತಿದ್ದೆ.

ಆಮೇಲೆ ತರಗತಿಯಲ್ಲಿ, ಮಿಸಿಸಿಪಿ ನದಿ ಎಲ್ಲಿ ಹುಟ್ಟುತ್ತದೆಂದು ಕೇಳಿದೆ. ಯಾವತ್ತೂ ಬಾಯಿ ಬಿಡದ ಶಾಂಟೆಲ್ ಕೈ ಎತ್ತಿದಳು. ಎರಡೂ ಕೈ, ಯಂತ್ರದ ಮುಂದೆ ಎತ್ತುವ ಹಾಗೇ.

"ಒಂದು ಸಾಕು ಕಣೇ."

"ಅಭ್ಯಾಸ ಮಿಸ್."

ಉತ್ತರ ಸರಿಯಿತ್ತು. ಯಾರೂ ನಗಲಿಲ್ಲ. ನಗುವಂಥದ್ದೇನೋ ಆಯಿತೆಂದು ಒಬ್ಬರಿಗೂ ಅನಿಸಲಿಲ್ಲ.

ಸಾಕಾಗಿದೆ. ನಾಳೆ ನಾನು ಎತ್ತಬೇಕಾದ್ದು ಒಂದೇ ಕೈ. ಪಿಸ್ತೂಲು ನೆನೆದರೆ ಏಳುತ್ತದೆ. ಶಾಂಟೆಲ್‌ಳನ್ನು ನೆನೆದರೆ ತೊಡೆಯ ಮೇಲೇ ಕೂತುಬಿಡುತ್ತದೆ. ಈಗಂತೂ ಪೆನ್ನು ಹಿಡಿಯಲೂ ಒಲ್ಲೆ ಅನ್ನುತ್ತಿದೆ.