ಸದ್ದಿಲ್ಲದ ಹಾಡು

ಶಿರಂಗಾಲ
ಮಂಗಳವಾರ

ಪ್ರೀತಿಯ ಅನುಶ್ರೀ,

ಈ ಕಾಗದ ರಾಗಿ ಹಿಟ್ಟಿನ ಡಬ್ಬಿಯ ತಳದಲ್ಲಿ ಸಿಕ್ಕಿರಬೇಕು. ಫೋನ್ ಮಾಡಿದರೆ ನಿನ್ನ ಗಂಡ ಸ್ಪೀಕರ್ ಹಾಕಿಸುತ್ತಾರೆ, ಆದರೆ ಅಡುಗೆಮನೆಯ ಡಬ್ಬಿ ಮುಟ್ಟುವುದಿಲ್ಲ.

ಮದುವೆಗೆ ಮುಂಚೆ ನೀನು ಟಿವಿಗೆ ಹಾಕಿಕೊಟ್ಟ ಹಳೇ ಸಿನಿಮಾದ ಆ್ಯಪನ್ನು ನಾನಿಲ್ಲಿ ನೀನಲ್ಲಿ ಒಂದೇ ಅಕೌಂಟಿನಲ್ಲಿ ನೋಡುತ್ತೇವಲ್ಲ, ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರಿಗೆ ಶುರುವಾಗುತ್ತದೆ. ಬೆಳಗಿನ ಕೆಲಸ ಮುಗಿಸಿ ಒಂದು ಕಪ್ಪು-ಬಿಳುಪು ಚಿತ್ರ ಹಾಕಿಕೊಂಡು ಕಾಲು ಚಾಚಿದರೆ ನನಗೆ ಬೇರೇನೂ ಬೇಡ. ಆದರೆ ಒಂದು ತಿಂಗಳಿಂದ, ನಾನು ಹತ್ತು ಗಂಟೆಗೆ ನಿಲ್ಲಿಸಿದ ಚಿತ್ರ ಊಟವಾದ ಮೇಲೆ ನೋಡಿದರೆ ಮುಂದೆ ಹೋಗಿರುತ್ತದೆ. ಆ ಹೊತ್ತಿನಲ್ಲಿ ನೀನು ಶಾಲೆಯಲ್ಲಿ ಪಾಠ ಮಾಡುತ್ತಿರಬೇಕು. ಮೊನ್ನೆ ಕೇಳಿದ್ದಕ್ಕೆ, "ಸ್ಕೂಲಿಗೆ ಹೋಗ್ತಾನೇ ಇದೀನಿ ಕಣಮ್ಮ" ಅಂದೆ. ನಿನ್ನ ಪಕ್ಕದಲ್ಲಿ ಯಾರೋ ಕೆಮ್ಮಿದರು.

ಇನ್ನೊಂದು ವಿಷಯ. ಈಗ ಚಿತ್ರ ಹಾಕಿದರೆ ಮಾತೆಲ್ಲ ಕೆಳಗೆ ಅಕ್ಷರವಾಗಿ ಬರುತ್ತದೆ. ನಾನಂತೂ ಅದನ್ನು ಒತ್ತಿಲ್ಲ. ಸೌಂಡ್ ಪೂರ್ತಿ ನಿಲ್ಲಿಸಿ ನೋಡುವವರಿಗೆ ತಾನೇ ಅಕ್ಷರ ಬೇಕು? ಹಾಡು ಬಂದರೆ ಬೀದಿಗೆಲ್ಲ ಕೇಳುವ ಹಾಗೆ ಇಡುತ್ತಿದ್ದವಳು ನೀನು.

ಫೋನಿನಲ್ಲಿ ಇನ್ನು ಏನೂ ಕೇಳುವುದಿಲ್ಲ. ಡಬ್ಬಿ ತಂದ ಸಣ್ಣಸ್ವಾಮಿ ಮಾವ ಗೋಣಿಕೊಪ್ಪಲಿನ ಕೆಲಸ ಮುಗಿಸಿಕೊಂಡು, ಖಾಲಿ ಡಬ್ಬಿ ಒಯ್ಯಲು ಇವತ್ತೇ ನಾಲ್ಕು ಗಂಟೆಗೆ ಮತ್ತೆ ಬರುತ್ತಾರೆ. ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ ಎಂದು ಮನೆಯವರಿಗೆ ಹೇಳಿ ಅವರ ಜೀಪು ಹತ್ತು. ಸರ್ಟಿಫಿಕೇಟುಗಳನ್ನು ಸೀರೆಯ ಮಡಿಕೆಯೊಳಗೆ ಇಟ್ಟುಕೊ.

ಇವತ್ತಿನ ಚಿತ್ರವನ್ನು ಹಾಡು ಶುರುವಾಗುವ ಮುಂಚೆಯೇ ನಿಲ್ಲಿಸಿದ್ದೇನೆ. ಅಲ್ಲಿ ಅದನ್ನು ನೋಡಬೇಡ. ಇಲ್ಲಿ ಜೋರಾಗಿ ಹಾಕೋಣ.

ನಿನ್ನ ದಾರಿ ನೋಡುತ್ತಿರುವ
ಅಮ್ಮ